ಓದುಗರನ್ನು ಓಡಿಸುವ ವಿಧಾನ

ಸುದ್ದಿಯ ಜಾಲತಾಣ ಶುರುಮಾಡಬೇಕೆಂದಿದ್ದೀರಿ. ಸಂತೋಷ. ಸುದ್ದಿಯ ವಿಚಾರ ಆಮೇಲೆ ನೋಡೋಣ, ಅದು ಎಲ್ಲಿಂದಲಾದರೂ ಸಿಗುತ್ತದೆ. ಮೊದಲು ನಿಮ್ಮ ಸ್ವಂತ ಮೊಬೈಲು, ಲ್ಯಾಪ್‌ಟಾಪು ಎರಡಕ್ಕೂ ಒಂದೊಂದು ಒಳ್ಳೆಯ ಆ್ಯಡ್ ಬ್ಲಾಕರ್ ಹಾಕಿಕೊಳ್ಳಿ. ಈ ಕಸುಬಿನ ತಳಪಾಯವೇ ಇದು. ಮುಂದೆ ನಿಮ್ಮ ತಾಣದ ಮೇಲೆ ಏನೇನು ಹೇರಿದರೂ ನಿಮ್ಮ ಕಣ್ಣಿಗೆ ಅದು ಬೀಳಬಾರದು. ‘ಓದೋಕೇ ಆಗ್ತಿಲ್ಲ ಸಾರ್’ ಎಂದು ಯಾರಾದರೂ ದೂರಿದರೆ, ನಿಮ್ಮ ಫೋನಿನಲ್ಲಿ ತೆರೆದು ನೋಡಿ. ‘ನಮ್ಮಲ್ಲಿ ಚೆನ್ನಾಗೇ ಬರ್ತಿದೆಯಲ್ಲ, ನಿಮ್ಮ ನೆಟ್‌ವರ್ಕ್ ನೋಡ್ಕೊಳ್ಳಿ’ ಎಂದು ಆತ್ಮಸಾಕ್ಷಿಗೆ ಧಕ್ಕೆಯಾಗದಂತೆ ಉತ್ತರಿಸಿ.

ಈಗ ಒಂದು ಸುದ್ದಿ ಆರಿಸಿಕೊಳ್ಳಿ. ಹೊಸಬರಿಗೆ ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ ಹೇಳಿಮಾಡಿಸಿದ ವಸ್ತು. ಮಳೆಗಾಲದಲ್ಲಿ ಮಂಡ್ಯ, ಮೈಸೂರು, ಬೆಂಗಳೂರಿನ ಜನ ದಿನಾ ಬೆಳಿಗ್ಗೆ ಅದನ್ನು ಹುಡುಕುತ್ತಾರೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಅವರಿಗೆ ಬಾಯಿಪಾಠ. ಬೇಕಾಗಿರುವುದು ಇವತ್ತಿನದು, ಒಂದೇ ಒಂದು ಅಂಕಿ. ಆ ಅಂಕಿಯೇ ನಿಮ್ಮ ಬಂಡವಾಳ, ಅದನ್ನು ಸುಲಭಕ್ಕೆ ಬಿಟ್ಟುಕೊಡಬೇಡಿ. ಶೀರ್ಷಿಕೆಯಲ್ಲಿ ಹಾಕಿದಿರೋ, ಕೆಟ್ಟಿರಿ: ಓದುಗ ಗೂಗಲ್ ಪುಟದಲ್ಲೇ ನೋಡಿಕೊಂಡು ಗದ್ದೆಗೆ ಹೊರಟುಬಿಡುತ್ತಾನೆ. ‘ಕೆಆರ್‌ಎಸ್ ಒಳಹರಿವು ಏರಿಕೆ: ಇಂದು ಎಷ್ಟು ಅಡಿ ಗೊತ್ತಾ?’ ಎಂದು ಬರೆಯಿರಿ. ಮೊದಲ ಪ್ಯಾರಾದಲ್ಲಿ ತಲಕಾವೇರಿಯ ಮಹಿಮೆ ಇರಲಿ. ಎರಡನೆಯದರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಮೂರನೆಯದರಲ್ಲಿ ವಿಶ್ವೇಶ್ವರಯ್ಯನವರು. ಇಂಥ ಹೆಸರುಗಳಿಗೆ ಯಾರೂ ತಕರಾರು ತೆಗೆಯಲಾರರು. ಒಬ್ಬ ಮಹನೀಯರಿಗೂ ಇನ್ನೊಬ್ಬ ಮಹನೀಯರಿಗೂ ನಡುವೆ ತೂಕ ಇಳಿಸುವ ಚೂರ್ಣದ್ದೋ ಸಾಲದ ಆ್ಯಪ್‌ನದ್ದೋ ಜಾಹೀರಾತು ಹಾಕಿ. ಅಂಕಿ ಆರನೆಯ ಪ್ಯಾರಾದಲ್ಲಿ ಬರಲಿ, ಅದೂ ನಿನ್ನೆಯದು.

ಪರದೆಯನ್ನು ಹೀಗೆ ಹಂಚಿ. ಮೇಲೆ ಒಂದು ಪಟ್ಟಿ, ಎಷ್ಟು ಸ್ಕ್ರೋಲ್ ಮಾಡಿದರೂ ಕದಲದ್ದು. ಕೆಳಗೆ ಒಂದು ಪಟ್ಟಿ, ಅದೂ ಕದಲದ್ದು. ಬಲ ಮೂಲೆಯಲ್ಲಿ ತಾನೇ ಓಡುವ ವಿಡಿಯೊ. ಸುದ್ದಿಗೂ ಆ ವಿಡಿಯೊಗೂ ಸಂಬಂಧ ಇರಕೂಡದು. ಉಳಿದ ಕಿಂಡಿಯಲ್ಲಿ ಅಕ್ಷರ ಕೂರಿಸಿ. ಒಮ್ಮೆಗೆ ನಾಲ್ಕು ಸಾಲು ಕಂಡರೆ ಧಾರಾಳವಾಯಿತು, ಕಗ್ಗದ ಪದ್ಯವೂ ನಾಲ್ಕೇ ಸಾಲಿನದು. ಜಾಹೀರಾತು ಮುಚ್ಚುವ ಗುಣಾಕಾರದ ಗುರುತನ್ನು ಬಿಳಿಯ ಮೇಲೆ ತೆಳು ಬೂದು ಬಣ್ಣದಲ್ಲಿ ಬರೆಸಿ. ಓದುಗ ಕಷ್ಟಪಟ್ಟು ಅದನ್ನು ಪತ್ತೆಹಚ್ಚಿ ಒತ್ತುವ ಗಳಿಗೆಗೆ ಪುಟ ಒಂದಿಂಚು ಕೆಳಕ್ಕೆ ಜಿಗಿಯಬೇಕು, ಬೆರಳು ಜಾಹೀರಾತಿನ ಮೇಲೇ ಬೀಳಬೇಕು. ಇದಕ್ಕೆ ದೊಡ್ಡ ಎಂಜಿನಿಯರ್ ಬೇಡ. ಜಾಹೀರಾತಿನ ಎತ್ತರಕ್ಕೆ ಪುಟದಲ್ಲಿ ಮೊದಲೇ ಜಾಗ ಕಾಯ್ದಿಡದೆ ಬಿಟ್ಟರೆ ಸಾಕು, ಅದು ತಡವಾಗಿ ಬಂದು ಎಲ್ಲವನ್ನೂ ತಳ್ಳಿಕೊಂಡು ಕೂರುತ್ತದೆ. ಸೋಮಾರಿತನಕ್ಕೆ ಸಂಬಳ ಸಿಗುವ ಕೆಲಸಗಳು ಕಡಿಮೆ. ಇದು ಅಂಥದ್ದು.

ಇಷ್ಟೆಲ್ಲ ಬೇಕೇ ಎಂಬ ಅಳುಕು ಬಂದರೆ ಪರಂಪರೆಯನ್ನು ನೆನೆಯಿರಿ. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಕಾಣಿಸಿಕೊಂಡಿತು. ನೋಡಿದವರಲ್ಲಿ ಶೇ 44ರಷ್ಟು ಮಂದಿ ಅದನ್ನು ಒತ್ತಿದರೆಂದು ಹೇಳುತ್ತಾರೆ. ಆಗ ಅದು ಹೊಸದು, ಒತ್ತಿದರೆ ಏನಾಗುತ್ತದೋ ನೋಡೋಣವೆಂಬ ಚಪಲ. ಈಗ ನೂರಕ್ಕೆ ಒಬ್ಬರು ಒತ್ತಿದರೂ ಹಬ್ಬ ಮಾಡಬೇಕು. ಲೆಕ್ಕ ಬರೆಯುವಾಗ ಹೆಬ್ಬೆರಳು ಜಾರಿದವರನ್ನು ಕಳೆಯಬೇಡಿ, ಅವರೇ ನಿಮ್ಮ ನಿಷ್ಠಾವಂತ ಗಿರಾಕಿಗಳು. ಜಾಹೀರಾತನ್ನು ಯಾರೂ ನೋಡುತ್ತಿಲ್ಲ, ಆದ್ದರಿಂದ ಅದನ್ನು ಚೆಂದವಾಗಿ ಮಾಡೋಣ ಎನ್ನುವವರನ್ನು ಕಚೇರಿಯ ಹತ್ತಿರ ಸೇರಿಸಬೇಡಿ. ಒಂದನ್ನು ನೋಡದಿದ್ದರೆ ಎರಡು ಹಾಕಿ. ಎರಡನ್ನೂ ನೋಡದಿದ್ದರೆ ಐದು.

ಪಾಪ್‌ಅಪ್‌ಗೂ ಒಬ್ಬ ಮೂಲಪುರುಷರಿದ್ದಾರೆ. ಹೆಸರು ಈಥನ್ ಜುಕರ್‌ಮನ್. (ಫೇಸ್‌ಬುಕ್ಕಿನವರಲ್ಲ, ಬೇರೆಯವರು. ಈ ಹೆಸರಿನ ಜಾಯಮಾನವೇ ಹಾಗೋ ಏನೋ.) 1990ರ ದಶಕದ ಕೊನೆಯಲ್ಲಿ ಅವರು ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ, ತಮ್ಮ ಬ್ಯಾನರ್ ಅಶ್ಲೀಲ ಪುಟವೊಂದರ ಮೇಲೆ ಬಂದುಬಿಟ್ಟಿತೆಂದು ಕಾರು ಕಂಪನಿಯೊಂದು ಹೌಹಾರಿತು. ಜುಕರ್‌ಮನ್ ಜಾಹೀರಾತನ್ನು ಪುಟದಿಂದ ಬಿಡಿಸಿ ಬೇರೊಂದು ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. ಕಾರಿನವರ ಮಾನ ಉಳಿಯಿತು, ಉಳಿದವರ ನೆಮ್ಮದಿ ಹೋಯಿತು. 2014ರಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಲೇಖನ ಬರೆದು ಅವರು ಕ್ಷಮೆ ಕೇಳಿದರು. ನೀವು ಅವರ ಕೋಡನ್ನು ಅನುಸರಿಸಿ, ಲೇಖನವನ್ನಲ್ಲ.

ಜಾಹೀರಾತು ಎಲ್ಲಿಂದ ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕೆಡಿಸಿಕೊಂಡರೂ ಗೊತ್ತಾಗುವುದಿಲ್ಲ. ಮದ್ದೂರಿನ ರೈತರೊಬ್ಬರು ನಿಮ್ಮ ಪುಟ ತೆರೆದ ಕೂಡಲೇ ಅವರ ಫೋನಿನ ಮಾದರಿ, ಇರುವ ಊರು, ಹಿಂದೆ ನೋಡಿದ ಸಾಮಾನುಗಳ ಜಾಡು ಎಲ್ಲವೂ ಹರಾಜಿಗೆ ಹೋಗುತ್ತವೆ. ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಕೂಗಿ, ಏರಿಸಿ, ಮುಗಿಸುತ್ತಾರೆ. ಎಪಿಎಂಸಿ ಹರಾಜಿನಲ್ಲಾದರೆ ಮಾಲು ಕಣ್ಣೆದುರು ಇರುತ್ತದೆ, ಕೂಗುವವರ ಮುಖ ಕಾಣುತ್ತದೆ. ಇಲ್ಲಿ ಮಾಲು ಆ ರೈತರೇ. ಕೂಗಿದವರು ಯಾರೆಂದು ಮಾಲಿಗೂ ಗೊತ್ತಿಲ್ಲ, ಮಳಿಗೆ ತೆರೆದ ನಿಮಗೂ ಗೊತ್ತಿಲ್ಲ. ಗೆದ್ದವರು ಕೊಟ್ಟ ದುಡ್ಡು ನಾಲ್ಕಾರು ಮಧ್ಯವರ್ತಿಗಳ ಕೈ ದಾಟಿ ನಿಮ್ಮ ಖಾತೆ ಮುಟ್ಟುವಷ್ಟರಲ್ಲಿ ರೂಪಾಯಿ ಹೋಗಿ ಪೈಸೆಯಾಗಿರುತ್ತದೆ. ಬೇಸರಪಡಬೇಡಿ, ಪ್ಯಾರಾ ಹೆಚ್ಚಿಸಿ. ಆ ರೈತರು ಹೋದ ವಾರ ಪಂಪ್‌ಸೆಟ್ ನೋಡಿ, ಬೆಲೆ ಕೇಳಿ, ಕೊಂಡು, ಬಾವಿಗೂ ಇಳಿಸಿದ್ದಾರೆಂದು ಇಟ್ಟುಕೊಳ್ಳಿ. ಇನ್ನೊಂದು ತಿಂಗಳು ಅವರಿಗೆ ಅದೇ ಪಂಪ್‌ಸೆಟ್ ತೋರಿಸಿ. ಕೊಂಡದ್ದು ಯಂತ್ರಕ್ಕೆ ತಿಳಿದಿಲ್ಲ, ನೋಡಿದ್ದಷ್ಟೇ ತಿಳಿದಿದೆ. ನೂರಿನ್ನೂರು ರೂಪಾಯಿ ಕಡಿಮೆ ಬೆಲೆಯಲ್ಲಿ ತೋರಿಸಿದರೆ ಪರಿಣಾಮ ಇನ್ನೂ ಚೆನ್ನಾಗಿರುತ್ತದೆ.

ನಿಮ್ಮ ಹುಡುಗರಿಗೆ ತರಬೇತಿ ಬೇಕಾದರೆ ಖಾಸಗಿ ಕೋರ್ಸಿಗೆ ಸೇರಿಸಿ ಹಣ ಪೋಲು ಮಾಡಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ಕೈಚಳಕಗಳಿವೆ: ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರನ್ನು ನಾಚಿಸುವುದು, ಬಿಡದೆ ಪೀಡಿಸುವುದು, ಜಾಹೀರಾತಿಗೆ ಸುದ್ದಿಯ ವೇಷ ತೊಡಿಸುವುದು ಇತ್ಯಾದಿ. ವಕೀಲರು ಇದನ್ನು ನಿಷೇಧಗಳ ಪಟ್ಟಿ ಎಂದು ಓದುತ್ತಾರೆ. ನೀವು ಪಠ್ಯಕ್ರಮವೆಂದು ಓದಿ. ಇಷ್ಟು ಅಚ್ಚುಕಟ್ಟಾಗಿ, ಉದಾಹರಣೆ ಸಮೇತ, ಪುಕ್ಕಟೆಯಾಗಿ ಮತ್ತೆಲ್ಲೂ ಸಿಗದು.

ವಿಡಿಯೊ ಮಾಡುವವರಿಗೆ ಒಂದು ಮಾತು. ಜಾಹೀರಾತನ್ನು ನೋಡುವವರ ಕೈ ಖಾಲಿ ಇಲ್ಲದ ಹೊತ್ತಿಗೆ ಇಡಿ. ಹೋಳಿಗೆಯ ವಿಡಿಯೊದಲ್ಲಿ ಕಣಕ ನಾದುವ ಘಟ್ಟಕ್ಕೆ, ಸುಪ್ರಭಾತದಲ್ಲಿ ಅಭಿಷೇಕಕ್ಕೆ ಕೈ ಒದ್ದೆಯಾಗಿರುವ ಹೊತ್ತಿಗೆ. ‘ಸ್ಕಿಪ್’ ಕಣ್ಣೆದುರೇ ಇರುತ್ತದೆ, ಒತ್ತಲು ಬೆರಳಿರುವುದಿಲ್ಲ.

ಇಷ್ಟನ್ನು ಶ್ರದ್ಧೆಯಿಂದ ಮಾಡಿದರೆ ಕೆಲವೇ ತಿಂಗಳಲ್ಲಿ ಓದುಗರು ಬ್ಲಾಕರ್ ಹಾಕಿಕೊಳ್ಳುತ್ತಾರೆ. ಆಗ ನೀವು ಮಾಡಬೇಕಾದ ಕೆಲಸ ಒಂದೇ, ಆಘಾತಗೊಳ್ಳಿ. ಬ್ಲಾಕರ್‌ಗಳು ಹೊಸದೇನಲ್ಲ. 2002ರಲ್ಲೇ ಡೆನ್ಮಾರ್ಕಿನ ವಿದ್ಯಾರ್ಥಿ ಹೆನ್ರಿಕ್ ಓಸ್ಟೆಡ್ ಸೋರೆನ್ಸನ್, ಮುಂದೆ ಫೈರ್‌ಫಾಕ್ಸ್ ಎನಿಸಿಕೊಂಡ ಬ್ರೌಸರಿಗೆ ‘ಆ್ಯಡ್‌ಬ್ಲಾಕ್’ ಬರೆದಿದ್ದ. ಆದರೆ ನೀವು ಮಾತ್ರ ಇದನ್ನು ನಿನ್ನೆ ರಾತ್ರಿ ನಡೆದ ಕಳ್ಳತನವೆಂದೇ ಭಾವಿಸಿ ಸಂಪಾದಕೀಯ ಬರೆಯಿರಿ. ಅದರಲ್ಲಿ ಪ್ರಜಾಪ್ರಭುತ್ವದ ನಾಲ್ಕನೆಯ ಸ್ತಂಭ ಬರಲಿ. ವರದಿಗಾರನ ಮನೆಯ ಒಲೆ ಬರಲಿ. ಅವನಿಗೆ ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲವೆಂಬುದು ಬೇಡ. ಸಂಪಾದಕೀಯದ ನಡುವೆ ಎರಡು ಜಾಹೀರಾತು ಹಾಕಲು ಮರೆಯದಿರಿ.

ಇಲ್ಲಿ ಓದುಗರೂ ನಿಮಗೆ ನೆರವಾಗುತ್ತಾರೆ, ಅದನ್ನು ಬಳಸಿಕೊಳ್ಳಿ. ನಿಮ್ಮ ಕಾಟಕ್ಕೆ ಬ್ಲಾಕರ್ ಹಾಕಿದವರು ಅದನ್ನು ನಿಮಗೊಬ್ಬರಿಗೇ ಹಾಕುವುದಿಲ್ಲ. ಮೂಲೆಯಲ್ಲಿ ಒಂದು ಸದ್ದಿಲ್ಲದ ಸೀರೆ ಅಂಗಡಿಯ ಬ್ಯಾನರ್ ಇಟ್ಟುಕೊಂಡು, ನೀರಿನ ಮಟ್ಟವನ್ನು ಮೊದಲ ಸಾಲಿನಲ್ಲೇ ಹೇಳಿ, ಮಾನದಿಂದ ಬದುಕುತ್ತಿದ್ದ ಜಿಲ್ಲಾ ಪತ್ರಿಕೆಯ ತಾಣಕ್ಕೂ ಅದೇ ಪರದೆ ಬೀಳುತ್ತದೆ. ನಿಮ್ಮ ಪಾಪಕ್ಕೆ ನಿಮ್ಮ ಪ್ರತಿಸ್ಪರ್ಧಿ ದಂಡ ಕಟ್ಟುತ್ತಾನೆ. ಇಷ್ಟು ಅಗ್ಗದಲ್ಲಿ ಪೈಪೋಟಿ ತೊಲಗಿಸುವ ದಾರಿ ಇನ್ನೊಂದಿಲ್ಲ. ಆ ಪತ್ರಿಕೆ ಮುಚ್ಚಿದ ದಿನ, ವರ್ಷಗಟ್ಟಲೆ ಅದರ ಪಿಡಿಎಫ್ ಅನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಪುಕ್ಕಟೆ ಹಂಚಿದವರೇ ‘ಒಳ್ಳೇ ಪತ್ರಿಕೆಗೆ ಕಾಲವಿಲ್ಲ’ ಎಂದು ಕೈಮುಗಿದ ಚಿತ್ರ ಹಾಕುತ್ತಾರೆ. ನೀವೂ ಒಂದು ಹಾಕಿ.

ಮುಂದೆ ಗೋಡೆ ಕಟ್ಟಿ. ಬ್ಲಾಕರ್ ಇರುವವರಿಗೆ ಪುಟದ ಬದಲು ಒಂದು ಪೆಟ್ಟಿಗೆ ಕಾಣಿಸಲಿ, ಅದರಲ್ಲಿ ಎರಡು ಗುಂಡಿ ಇರಲಿ. ಒಂದು ದೊಡ್ಡದು, ಹಸಿರು: ‘ಬ್ಲಾಕರ್ ತೆಗೆದು ಕನ್ನಡ ಉಳಿಸುತ್ತೇನೆ’. ಇನ್ನೊಂದು ಚಿಕ್ಕದು: ‘ಕನ್ನಡ ಹೋದರೆ ನನಗೇನು’. ‘ಬ್ಲಾಕರ್ ಇದ್ದರೆ ಸುರಕ್ಷಿತ ಅಂತ ಹಾಕ್ಕೊಂಡೆ’ ಎನ್ನುವವರಿಗೆ ಬಗ್ಗಬೇಡಿ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ತಾಣಗಳ ಜಾಹೀರಾತು ಜಾಗದ ಮೂಲಕವೇ ಓದುಗರ ಕಂಪ್ಯೂಟರಿಗೆ ಬೀಗ ಜಡಿದು ಹಣ ಕೇಳುವ ಕುತಂತ್ರಾಂಶ ಹರಡಲು ಯತ್ನಿಸಿದ್ದರು, ನಿಜ. ಹುಡುಕಾಟದ ಫಲಿತಾಂಶಗಳಲ್ಲಿ ನಕಲಿ ಕಂಪನಿಗಳ ಜಾಹೀರಾತು ಬರುತ್ತಿದೆ, ಬ್ಲಾಕರ್ ಬಳಸಿ ಎಂದು 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐಯೇ ಜನರಿಗೆ ತಿಳಿಹೇಳಿದ್ದೂ ನಿಜ. ಪೊಲೀಸರ ಮಾತಿಗೂ ವ್ಯಾಪಾರಕ್ಕೂ ಏನು ಸಂಬಂಧ ಎಂದು ಕೇಳಿ.

ಗೋಡೆ ಹಾರುವವರಿಗೆ ಫೇಸ್‌ಬುಕ್ ಮಾರ್ಗ ಹಿಡಿಯಿರಿ. 2016ರ ಆಗಸ್ಟ್‌ನಲ್ಲಿ ಆ ಕಂಪನಿ ಬ್ಲಾಕರ್‌ಗಳನ್ನು ದಾಟಿ ಜಾಹೀರಾತು ತೋರಿಸತೊಡಗಿತು. ಎರಡೇ ದಿನದಲ್ಲಿ ಬ್ಲಾಕರ್‌ನವರು ಅದನ್ನೂ ತಡೆದರು. ಮುಂದೆ ಫೇಸ್‌ಬುಕ್ ‘ಸ್ಪಾನ್ಸರ್ಡ್’ ಎಂಬ ಒಂದು ಪದವನ್ನು ಬಿಡಿ ಅಕ್ಷರಗಳಾಗಿ ಒಡೆದು, ನಡುನಡುವೆ ಕಣ್ಣಿಗೆ ಕಾಣದ ಅಕ್ಷರ ತುರುಕಿತು. ಮನುಷ್ಯರಿಗೆ ಓದಲು ಬರಬೇಕು, ಯಂತ್ರಕ್ಕೆ ಬರಬಾರದು. ಜಗತ್ತಿನ ಅತಿ ಬುದ್ಧಿವಂತ ಎಂಜಿನಿಯರುಗಳು ಒಂದು ಪದ ಬಚ್ಚಿಡಲು, ಅಷ್ಟೇ ಬುದ್ಧಿವಂತ ಸ್ವಯಂಸೇವಕರು ಅದನ್ನು ಹುಡುಕಲು ಇರುಳು ನಿದ್ದೆಗೆಟ್ಟರು. ನಿಮ್ಮಲ್ಲಿ ಅಂಥ ಎಂಜಿನಿಯರ್ ಇಲ್ಲದಿದ್ದರೆ ವಕೀಲರನ್ನು ಹಿಡಿಯಿರಿ. 2017ರಲ್ಲಿ ಅಡ್ಮಿರಲ್ ಎಂಬ ಕಂಪನಿ, ತನ್ನ ಒಂದು ವಿಳಾಸವನ್ನು ಈಸಿಲಿಸ್ಟ್ ಎಂಬ ತಡೆಪಟ್ಟಿಯಿಂದ ತೆಗೆಯಿರೆಂದು ಕೃತಿಸ್ವಾಮ್ಯ ಕಾನೂನಿನಡಿ ನೋಟಿಸ್ ಕೊಡಿಸಿತು. ಆ ವಿಳಾಸದ ಹೆಸರು ಫಂಕ್ಷನಲ್‌ಕ್ಲ್ಯಾಮ್ ಡಾಟ್ ಕಾಮ್. ಪಟ್ಟಿಯಿಂದ ತೆಗೆದರು. ಅದುವರೆಗೆ ಯಾರೂ ಕೇಳದಿದ್ದ ಹೆಸರು ಅಂದಿನಿಂದ ಸುದ್ದಿಯಲ್ಲಿ ಮೆರೆಯಿತು.

ಇಷ್ಟು ಮಾಡಿಯೂ ಗಿಟ್ಟದಿದ್ದರೆ ಎದೆಗುಂದಬೇಡಿ, ಪಕ್ಷ ಬದಲಿಸಿ. ನೀವೇ ಬ್ಲಾಕರ್ ಮಾಡಿ. ಓದುಗರ ಸಂಕಟ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆದರೆ ಗುರುಗಳನ್ನು ನೋಡಿ ಆರಿಸಿಕೊಳ್ಳಿ. ಯುಬ್ಲಾಕ್ ಆರಿಜಿನ್ ಬರೆದ ರೇಮಂಡ್ ಹಿಲ್ ದೇಣಿಗೆಯನ್ನೂ ಮುಟ್ಟುವುದಿಲ್ಲ. ಕೋಟ್ಯಂತರ ಜನ ಬಳಸುವ ಸಾಧನಕ್ಕೆ ಒಂದು ಕಾಸೂ ಬೇಡವೆನ್ನುತ್ತಾರೆ. ಇಂಥವರ ಸಹವಾಸ ಬೇಡ. ಮಾರ್ಕೊ ಆರ್ಮೆಂಟ್ 2015ರ ಸೆಪ್ಟೆಂಬರ್‌ನಲ್ಲಿ ಐಫೋನಿಗೆ ‘ಪೀಸ್’ ಎಂಬ ಬ್ಲಾಕರ್ ಬಿಟ್ಟರು. ಅದು ಹಣ ಕೊಟ್ಟು ಕೊಳ್ಳುವ ಆ್ಯಪ್‌ಗಳಲ್ಲಿ ಮೊದಲ ಸ್ಥಾನಕ್ಕೇರಿತು. ಎರಡು ದಿನಕ್ಕೆ ಅವರೇ ಅದನ್ನು ವಾಪಸು ಪಡೆದರು: ಜಾಹೀರಾತು ನಂಬಿದ ಒಳ್ಳೆಯ ತಾಣಗಳಿಗೂ ಏಟು ಬೀಳುತ್ತದೆ, ಈ ಗೆಲುವು ಹಿತವೆನಿಸುತ್ತಿಲ್ಲ ಎಂದು. ಮನಸ್ಸಾಕ್ಷಿ ಇರುವವರು ಈ ರಂಗದಲ್ಲಿ ಎರಡು ದಿನಕ್ಕಿಂತ ಹೆಚ್ಚು ಬಾಳಲಾರರು ಎಂಬುದಕ್ಕೆ ಈ ಪ್ರಸಂಗವನ್ನು ಬರೆದಿಟ್ಟುಕೊಳ್ಳಿ.

ನಿಮಗೆ ಒಗ್ಗುವುದು ಸ್ವದೇಶಿ ವಿಧಾನ. ‘ಮಿಂಚಿನ ವೇಗ, ಜಾಹೀರಾತು ಮುಕ್ತ’ ಎಂದು ಒಂದು ಆಂಡ್ರಾಯ್ಡ್ ಬ್ರೌಸರ್ ಮಾಡಿ. ಯಾವುದು ಜಾಹೀರಾತು, ಯಾವುದಲ್ಲ ಎಂದು ಗುರುತಿಸುವ ಕೆಲಸ ಕಷ್ಟದ್ದು, ಅದನ್ನು ನೀವು ಮಾಡಬೇಡಿ. ಈಸಿಲಿಸ್ಟಿನ ಸ್ವಯಂಸೇವಕರು 2005ರಿಂದ ಆ ಪಟ್ಟಿಯನ್ನು ಪುಕ್ಕಟೆಯಾಗಿ ಬೆಳೆಸಿಕೊಂಡು ಬಂದಿದ್ದಾರೆ, ಎತ್ತಿಕೊಳ್ಳಿ. ಒಮ್ಮೆ ಇಳಿಸಿಕೊಂಡು ನಿಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳುವುದು ದಡ್ಡರ ರೀತಿ. ಪ್ರತಿ ಗಿರಾಕಿಯ ಪ್ರತಿ ಫೋನೂ ಬ್ರೌಸರ್ ತೆರೆದಾಗಲೆಲ್ಲ ಆ ಬಡಪಾಯಿಗಳ ಸರ್ವರಿಗೇ ಹೋಗಿ ಪೂರಾ ಪಟ್ಟಿ ಎಳೆದು ತರುವಂತೆ ಬರೆಯಿರಿ. ಇದು ನನ್ನ ಕಲ್ಪನೆಯಲ್ಲ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿದ್ದ ಕೆಲವು ಬ್ರೌಸರ್‌ಗಳು ಹೀಗೇ ಮಾಡಿ, 2022ರಲ್ಲಿ ಈಸಿಲಿಸ್ಟಿನ ಸರ್ವರ್ ಏದುಸಿರು ಬಿಡುವಂತಾಗಿತ್ತು. ಕೊಟ್ಟವನು ಕೋಡಂಗಿ ಎಂಬ ಗಾದೆಯನ್ನು ನಾವು ಅಂತರರಾಷ್ಟ್ರೀಯ ಮಟ್ಟಕ್ಕೆ ಕೊಂಡೊಯ್ದ ಬಗೆ ಇದು. ಬೇರೆಯವರ ಜಾಹೀರಾತು ಮುಚ್ಚಿದ ಮೇಲೆ, ಬ್ರೌಸರಿನ ಮುಖಪುಟದಲ್ಲಿ ನಿಮ್ಮ ಜಾಹೀರಾತು ತೆರೆಯಿರಿ.

ಇನ್ನೂ ಮೇಲಕ್ಕೆ ಹೋಗುವ ಹಂಬಲವಿದ್ದರೆ ಜರ್ಮನಿಯ ಕಲೋನ್ ನಗರದ ಕಡೆ ನೋಡಿ. ಆ್ಯಡ್‌ಬ್ಲಾಕ್ ಪ್ಲಸ್ ನಡೆಸುವ ಐಯೊ ಕಂಪನಿ 2011ರಲ್ಲಿ ‘ಒಪ್ಪತಕ್ಕ ಜಾಹೀರಾತು’ ಎಂಬ ಯೋಜನೆ ತಂದಿತು. ಹೆಚ್ಚು ಗದ್ದಲ ಮಾಡದ ಜಾಹೀರಾತುಗಳನ್ನು ಬ್ಲಾಕರ್ ಒಳಗೆ ಬಿಡುತ್ತದೆ. ಚಿಕ್ಕವರಿಗೆ ಶುಲ್ಕವಿಲ್ಲ. ದೊಡ್ಡವರು, ಹೀಗೆ ದಾಟಿದ್ದರಿಂದ ಬಂದ ಹೆಚ್ಚುವರಿ ಆದಾಯದಲ್ಲಿ ಸಾಮಾನ್ಯವಾಗಿ ಶೇ 30 ಕೊಡಬೇಕು. ತಡೆಯುವುದಕ್ಕೆ ಓದುಗರಿಂದ ಹಾರೈಕೆ, ಬಿಡುವುದಕ್ಕೆ ಕಂಪನಿಗಳಿಂದ ಹಣ. ಆಕ್ಸೆಲ್ ಸ್ಪ್ರಿಂಗರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಇದು ಅನ್ಯಾಯದ ಪೈಪೋಟಿ ಎಂದು ಕೋರ್ಟಿಗೆ ಹೋಯಿತು. ಜರ್ಮನಿಯ ಫೆಡರಲ್ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ಬ್ಲಾಕರ್ ಪರ ತೀರ್ಪಿತ್ತಿತು. ನೀವೂ ಗೇಟು ಹಾಕಿ, ಗೇಟಿನ ಪಕ್ಕ ಕುರ್ಚಿ ಹಾಕಿ. ರಸ್ತೆ ನಿಮ್ಮದೇ ಆಗಿರಬೇಕೆಂದಿಲ್ಲ.

ರಸ್ತೆಯೂ ನಿಮ್ಮದೇ ಆದರೆ ಅದರ ಸುಖವೇ ಬೇರೆ. ಗೂಗಲ್ ಜಾಹೀರಾತು ಮಾರುತ್ತದೆ, ಆ ಜಾಹೀರಾತು ಕಾಣುವ ಕ್ರೋಮ್ ಬ್ರೌಸರನ್ನೂ ಕೊಡುತ್ತದೆ. 2018ರ ಫೆಬ್ರುವರಿ 15ರಿಂದ ಆ ಬ್ರೌಸರ್ ತಾನೇ ಕೆಟ್ಟ ಜಾಹೀರಾತುಗಳನ್ನು ತಡೆಯತೊಡಗಿತು. ಯಾವುದು ಕೆಟ್ಟದ್ದೆಂದು ನಿಗದಿಮಾಡಿದ ಒಕ್ಕೂಟದಲ್ಲಿ ಗೂಗಲ್ ಸಹ ಸದಸ್ಯ. ಆಮೇಲೆ ಬ್ಲಾಕರ್‌ನಂಥ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಾಯಿತು. ಪುಟದಿಂದ ಹೊರಡುವ ಪ್ರತಿಯೊಂದು ಕೋರಿಕೆಯನ್ನೂ ಬ್ಲಾಕರ್ ತಾನೇ ಪರೀಕ್ಷಿಸಿ ತಡೆಯುವ ಅಧಿಕಾರ ಹೋಯಿತು. ಈಗ ಅದು ಮೊದಲೇ ಪಟ್ಟಿ ಬರೆದು ಬ್ರೌಸರಿನ ಕೈಗಿಟ್ಟು ಸುಮ್ಮನಿರಬೇಕು. ಸುರಕ್ಷತೆಗಾಗಿ, ವೇಗಕ್ಕಾಗಿ ಎಂದರು. ಹಿಲ್ ಅವರ ಯುಬ್ಲಾಕ್ ಆರಿಜಿನ್ ಕ್ರೋಮ್‌ನಿಂದ ಹೊರಬಿತ್ತು, ಅದರ ‘ಲೈಟ್’ ತಮ್ಮ ಉಳಿದುಕೊಂಡ. ನೀವು ಈ ಮಟ್ಟ ಮುಟ್ಟಿದಾಗ ಯಾರನ್ನೂ ನಿಷೇಧಿಸಬೇಡಿ, ನಿಯಮ ಸುಧಾರಿಸಿ.

ಕಡೆಗೆ, ಕಾಟದಿಂದ ಬಿಡುಗಡೆಯನ್ನೂ ಮಾರಾಟಕ್ಕಿಡಿ. ಬ್ಲಾಕರ್ ಇದ್ದರೆ ವಿಡಿಯೊ ಓಡದೆಂದು ಯೂಟ್ಯೂಬ್ 2023ರಲ್ಲಿ ಎಚ್ಚರಿಕೆಯ ಪೆಟ್ಟಿಗೆ ತೋರಿಸತೊಡಗಿತು. ಪಕ್ಕದಲ್ಲೇ ಪರಿಹಾರವೂ ಇತ್ತು: ಪ್ರೀಮಿಯಂ. ಭಾರತದಲ್ಲಿ 2019ರಲ್ಲಿ ತಿಂಗಳಿಗೆ ₹129 ಇದ್ದದ್ದು 2024ರಲ್ಲಿ ₹149 ಆಯಿತು. 2025ರಲ್ಲಿ ₹89ರ ‘ಲೈಟ್’ ಬಂತು, ಅದರಲ್ಲಿ ಹಾಡುಗಳಿಗೆ, ಶಾರ್ಟ್ಸ್‌ಗೆ ಜಾಹೀರಾತು ಉಂಟು. ನೀವೂ ಮೂರು ದರಪಟ್ಟಿ ತೂಗುಹಾಕಿ: ಪುಕ್ಕಟೆಯಾದರೆ ಜಾಹೀರಾತು ಜಾಸ್ತಿ, ಅಗ್ಗದ್ದಾದರೆ ಕಡಿಮೆ, ದುಬಾರಿಯಾದರೆ ಇಲ್ಲ. ಸಾಕಷ್ಟು ಜನ ದುಬಾರಿಗೆ ಸೇರುವವರೆಗೆ ತಾಳ್ಮೆಯಿಂದ ಕಾಯಿರಿ. ಆಮೇಲೆ ‘ನಿಮ್ಮ ಅನುಭವವನ್ನು ಉತ್ತಮಪಡಿಸಲು’ ಎಂಬ ತಲೆಬರಹದ ಮಿಂಚಂಚೆ ಕಳಿಸಿ, ಅವರಿಗೂ ಒಂದೇ ಒಂದು ಸಣ್ಣ ಜಾಹೀರಾತು ಶುರುಮಾಡಿ. ತಮ್ಮ ಜೇಬು ದಪ್ಪಗಿದೆಯೆಂದು ಪ್ರತಿ ತಿಂಗಳೂ ರಸೀದಿ ಸಮೇತ ಒಪ್ಪಿಕೊಂಡವರ ಪಟ್ಟಿ ಅದು. ಜಾಹೀರಾತುದಾರರಿಗೆ ಅದನ್ನು ಮೂರು ಪಟ್ಟು ದರಕ್ಕೆ ಮಾರಿ.